ಸ್ಪೇನಿನ ಅನ್ವೇಷಕರ ಹಳೆಯ ಅಚ್ಚುಚಿತ್ರಗಳು: ಆರಿಸುವುದರಿಂದ ಗೋಡೆಗೇರಿಸುವವರೆಗೆ

ಕೊಲಂಬಸ್ ಬಾವುಟ ಹಿಡಿದು ದಡಕ್ಕಿಳಿಯುತ್ತಿರುವುದು, ಬಾಲ್ಬೋವಾ ಮೊಣಕಾಲು ಮಟ್ಟದ ನೀರಿನಲ್ಲಿ ನಿಂತು ಇಡೀ ಸಮುದ್ರವೇ ತನ್ನ ದೊರೆಯದೆಂದು ಸಾರುತ್ತಿರುವುದು, ಡಿ ಸೋಟೊ ಬಿಳಿ ಕುದುರೆಯೇರಿ ಮಿಸಿಸಿಪ್ಪಿ ನದಿಯ ದಂಡೆಗೆ ಬರುತ್ತಿರುವುದು: ಸ್ಪೇನಿನ ಸಮುದ್ರಯಾನ ಮತ್ತು ದಂಡಯಾತ್ರೆಗಳ ಇಂಥ ಅಚ್ಚುಚಿತ್ರಗಳನ್ನು ಕಟ್ಟು ಹಾಕಿಸಿ ಓದುವ ಕೋಣೆಯಲ್ಲೋ ಶಾಲೆಯ ಗ್ರಂಥಾಲಯದಲ್ಲೋ ತೂಗುಹಾಕಬೇಕೆಂದು ಬಯಸುವ ಓದುಗರು ಪದೇ ಪದೇ ಕೇಳುವ ಪ್ರಶ್ನೆಗಳು ನಾಲ್ಕೇ. ಕೈಗೆ ಬಂದಿರುವ ಪ್ರತಿ ನಿಜವಾಗಿಯೂ ಹಳೆಯದೇ? ಅದರ ಮೇಲಿನ ಬಣ್ಣ ಮೂಲದ್ದೇ? ವಿದೇಶದ ಗ್ರಂಥಾಲಯಗಳ ಚಿತ್ರವನ್ನು ಇಳಿಸಿಕೊಂಡು ನಾವೇ ಮುದ್ರಿಸಿಕೊಳ್ಳಬಹುದೇ? ನಮ್ಮ ಮಳೆಗಾಲದಲ್ಲಿ ಕೆಡದಂತೆ ಕಟ್ಟು ಹಾಕಿಸುವುದು ಹೇಗೆ? ಈ ನಾಲ್ಕಕ್ಕೂ ಉತ್ತರ ಸಿಗುವಂತೆ ಇಡೀ ಕೆಲಸವನ್ನು ಹಂತ ಹಂತವಾಗಿ ಇಲ್ಲಿ ವಿವರಿಸಿದ್ದೇನೆ.

ಆರಂಭಿಸುವ ಮೊದಲು ಒಂದು ಮಾತನ್ನು ಮನಸ್ಸಿನಲ್ಲಿಟ್ಟುಕೊಳ್ಳಿ. ಇಂಥ ಪ್ರತಿಯೊಂದು ಚಿತ್ರಕ್ಕೂ ಎರಡು ಇಸವಿಗಳಿರುತ್ತವೆ. ಒಂದು ಘಟನೆ ನಡೆದದ್ದು, ಇನ್ನೊಂದು ಚಿತ್ರ ಹುಟ್ಟಿದ್ದು. ಇವೆರಡರ ನಡುವೆ ನೂರು ವರ್ಷಗಳಿಂದ ಹಿಡಿದು ನಾನೂರು ವರ್ಷಗಳವರೆಗೆ ಅಂತರವಿರಬಹುದು. ಕೊಳ್ಳುವಾಗ ಆಗುವ ಮೋಸ, ನೋಡುವಾಗ ಆಗುವ ತಪ್ಪು ತಿಳಿವಳಿಕೆ, ಎರಡಕ್ಕೂ ಹೆಚ್ಚಿನ ಪಾಲು ಈ ಅಂತರವನ್ನು ಮರೆಯುವುದೇ ಕಾರಣ.

ಬೇಕಾಗುವ ವಸ್ತುಗಳು

ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಒಂದು ಭೂತಗನ್ನಡಿ, ಅಳತೆಪಟ್ಟಿ, ನೋಟು ಪರೀಕ್ಷಿಸಲು ಅಂಗಡಿಗಳಲ್ಲಿ ಬಳಸುವಂಥ ನೇರಳಾತೀತ ಬೆಳಕಿನ ಸಣ್ಣ ಟಾರ್ಚು, ಮೆದು ಪೆನ್ಸಿಲ್ ಮತ್ತು ಚಿತ್ರವನ್ನು ಹರಡಿಡಲು ಒಣ, ಶುಚಿಯಾದ ಮೇಜು ಇದ್ದರೆ ಸಾಕು. ಕೈಗೆ ಹತ್ತಿಯ ಗವಸು ಬೇಡ. ಗವಸು ಹಾಕಿದ ಬೆರಳಿಗೆ ಹಾಳೆಯ ಅಂಚು ಸರಿಯಾಗಿ ತಿಳಿಯದೆ ಹರಿಯುವ ಸಂಭವವೇ ಹೆಚ್ಚು. ಸೋಪಿನಿಂದ ತೊಳೆದು ಚೆನ್ನಾಗಿ ಒರೆಸಿಕೊಂಡ ಕೈ ಅದಕ್ಕಿಂತ ಸುರಕ್ಷಿತ.

ಹಂತ 1: ಚಿತ್ರದಲ್ಲಿರುವವರು ಯಾರೆಂದು ಖಚಿತಪಡಿಸಿಕೊಳ್ಳಿ

'ಸ್ಪೇನಿನ ಅನ್ವೇಷಕರು' ಎಂಬ ಶೀರ್ಷಿಕೆಯಡಿ ಮಾರಾಟವಾಗುವ ಚಿತ್ರಗಳಲ್ಲಿ ಇರುವವರೆಲ್ಲ ಸ್ಪೇನಿನವರಲ್ಲ. ಕೊಲಂಬಸ್ ಇಟಲಿಯ ಜಿನೋವಾದವನು. ಮೆಗಲನ್ ಪೋರ್ಚುಗೀಸ್. ಇಬ್ಬರೂ ಸ್ಪೇನಿನ ಅರಸರ ಸೇವೆಯಲ್ಲಿ ಹೊರಟವರು. ಕೋರ್ಟೆಸ್, ಪಿಸಾರೊ ಮತ್ತು ಬಾಲ್ಬೋವಾ ಮಾತ್ರ ಸ್ಪೇನಿನ ಎಸ್ತ್ರೆಮದೂರಾ ಪ್ರಾಂತದಲ್ಲೇ ಹುಟ್ಟಿದವರು. ಭೂಮಿಯನ್ನು ಮೊದಲು ಸುತ್ತಿ ಬಂದವನೆಂದು ಮೆಗಲನ್ನನ ಭಾವಚಿತ್ರದ ಕೆಳಗೆ ಬರೆದಿರುವುದುಂಟು. ಆದರೆ ಆತ 1521ರ ಏಪ್ರಿಲ್ 27ರಂದು ಫಿಲಿಪ್ಪೀನ್ಸಿನ ಮಕ್ತಾನ್ ದ್ವೀಪದಲ್ಲಿ ಮಡಿದ. 1519ರಲ್ಲಿ ಹೊರಟ ಐದು ಹಡಗುಗಳಲ್ಲಿ 'ವಿಕ್ಟೋರಿಯಾ' ಒಂದನ್ನೇ 1522ರ ಸೆಪ್ಟೆಂಬರಿನಲ್ಲಿ ಸ್ಪೇನಿಗೆ ಮರಳಿ ತಂದವನು ಹುವಾನ್ ಸೆಬಾಸ್ಟಿಯನ್ ಎಲ್ಕಾನೊ, ಅವನೊಂದಿಗೆ ಬದುಕಿ ಬಂದವರು ಬೆರಳೆಣಿಕೆಯ ಜನ.

ನಮ್ಮ ಓದುಗರು ಅತಿ ಹೆಚ್ಚು ಎಡವುವುದು ವಾಸ್ಕೊ ಡ ಗಾಮನ ಚಿತ್ರದಲ್ಲಿ. ಆತ ಪೋರ್ಚುಗಲ್ಲಿನ ದೊರೆಯ ಕಡೆಯವನು. 1498ರಲ್ಲಿ ಹಿಂದಿರುಗುವಾಗ ಕಾರವಾರದ ಎದುರಿಗಿರುವ ಅಂಜದೀವ ದ್ವೀಪದಲ್ಲಿ ತಂಗಿದ್ದವನು. 1494ರ ತೋರ್ದೆಸಿಯಾಸ್ ಒಪ್ಪಂದದಂತೆ ಸ್ಪೇನ್ ಮತ್ತು ಪೋರ್ಚುಗಲ್ ಅಟ್ಲಾಂಟಿಕ್ ಸಾಗರದ ನಡುವೆ ಗೆರೆ ಎಳೆದು ಹೊಸ ನೆಲಗಳನ್ನು ಹಂಚಿಕೊಂಡವು. ಪೂರ್ವದ ದಾರಿ ಪೋರ್ಚುಗೀಸರ ಪಾಲಿಗೆ ಬಂತು. ಆದ್ದರಿಂದ ಚಿತ್ರದಲ್ಲಿ ತೆಂಗಿನ ತೋಟ, ಮಲಬಾರಿನ ಅರಸ, ಆನೆ ಕಂಡರೆ ಅದು ಸ್ಪೇನಿನ ಯಾನದ ಚಿತ್ರವಾಗಿರುವ ಸಾಧ್ಯತೆ ತೀರಾ ಕಡಿಮೆ.

ಹಂತ 2: ಎರಡೂ ಇಸವಿಗಳನ್ನು ಬರೆದಿಟ್ಟುಕೊಳ್ಳಿ

ಒಂದು ಕಾಗದದ ಮೇಲೆ ಎಡಗಡೆ ಘಟನೆಯ ಇಸವಿಯನ್ನೂ ಬಲಗಡೆ ಚಿತ್ರದ ಇಸವಿಯನ್ನೂ ಬರೆಯಿರಿ. ಮಾರುಕಟ್ಟೆಯಲ್ಲಿ ಹೆಚ್ಚಾಗಿ ಕಾಣುವ ಕೆಲವು ಚಿತ್ರಗಳ ಲೆಕ್ಕ ಹೀಗಿದೆ.

ಕೊಲಂಬಸ್ ಗ್ವಾನಹಾನಿ ದ್ವೀಪದಲ್ಲಿ ಇಳಿದದ್ದು 1492ರ ಅಕ್ಟೋಬರ್ 12ರಂದು. ಆ ಆಗಮನದ ಅತ್ಯಂತ ಪ್ರಸಿದ್ಧ ತಾಮ್ರದಚ್ಚಿನ ಚಿತ್ರ ಥಿಯೋಡರ್ ಡಿ ಬ್ರೈಯದು. ಅದು ಪ್ರಕಟವಾದದ್ದು 1594ರಲ್ಲಿ, ಜರ್ಮನಿಯ ಫ್ರಾಂಕ್‌ಫರ್ಟಿನಲ್ಲಿ. ಡಿ ಬ್ರೈ ಅಮೆರಿಕವನ್ನು ಒಮ್ಮೆಯೂ ಕಂಡವನಲ್ಲ. ಚಿತ್ರವನ್ನು ಹತ್ತಿರದಿಂದ ನೋಡಿ: ನಡುವೆ ಕೊಲಂಬಸ್ ಕೋಲು ಹಿಡಿದು ನಿಂತಿದ್ದಾನೆ, ಹಿಂದೆ ಶಸ್ತ್ರ ಹಿಡಿದ ಇಬ್ಬರು, ಎಡಕ್ಕೆ ಶಿಲುಬೆ ನೆಡುತ್ತಿರುವವರು. ಬಲಗಡೆಯ ದ್ವೀಪವಾಸಿಗಳ ಮೈಕಟ್ಟು ಗ್ರೀಕ್ ಶಿಲ್ಪಗಳಂತಿದೆ. ಅವರು ಕಾಣಿಕೆಯಾಗಿ ಚಾಚಿರುವ ಪಾತ್ರೆ, ಸರಗಳು ಯೂರೋಪಿನ ಅಕ್ಕಸಾಲಿಗನ ಅಂಗಡಿಯಿಂದ ತಂದಂತಿವೆ. ಹಿನ್ನೆಲೆಯಲ್ಲಿ ಹಡಗುಗಳನ್ನು ಕಂಡು ಓಡುತ್ತಿರುವ ಪುಟ್ಟ ಆಕೃತಿಗಳಿವೆ. ಭೂತಗನ್ನಡಿ ಹಿಡಿಯದೆ ಇದು ಕಣ್ಣಿಗೇ ಬೀಳದು, ನನ್ನ ಮಟ್ಟಿಗೆ ಇಡೀ ಚಿತ್ರದಲ್ಲಿ ಅತ್ಯಂತ ಮಾತಾಡುವ ಭಾಗ ಅದೇ.

ಕ್ಯಾಲೆಂಡರುಗಳಲ್ಲೂ ಪಠ್ಯಪುಸ್ತಕಗಳಲ್ಲೂ ಕಾಣುವ, ಕೊಲಂಬಸ್ ಕತ್ತಿ ಹಿಡಿದು ಬಾವುಟ ನೆಡುವ ವರ್ಣಚಿತ್ರ ಜಾನ್ ವಾಂಡರ್ಲಿನ್‌ನದು. ಅಮೆರಿಕದ ಸಂಸತ್ ಭವನದ ಗುಮ್ಮಟದ ಕೆಳಗೆ 1847ರಲ್ಲಿ ಅದನ್ನು ಇರಿಸಲಾಯಿತು. ಎಂದರೆ ಘಟನೆಗೂ ಚಿತ್ರಕ್ಕೂ 355 ವರ್ಷಗಳ ಅಂತರ. ಇದರಲ್ಲಿ ಶಿಲುಬೆ ಹಿಡಿದ ಪಾದ್ರಿಯೊಬ್ಬನಿದ್ದಾನೆ, ಆದರೆ ಕೊಲಂಬಸನ ಮೊದಲ ಯಾನದಲ್ಲಿ ಪಾದ್ರಿಗಳೇ ಇರಲಿಲ್ಲ. ಇದೇ ಚಿತ್ರದಲ್ಲಿ ಅಲೋನ್ಸೊ ಡಿ ಓಹೇಡಾನನ್ನೂ ಚಿತ್ರಿಸಲಾಗಿದೆ, ಆತ ಹೊರಟದ್ದು 1493ರ ಎರಡನೆಯ ಯಾನದಲ್ಲಿ. ಸ್ಪೇನಿನ ಕಲಾವಿದ ದಿಯೋಸ್ಕೊರೊ ಪುಯೆಬ್ಲಾ ಇದೇ ದೃಶ್ಯವನ್ನು ಬರೆದದ್ದು 1862ರಲ್ಲಿ. ಆ ಕೃತಿ ಮ್ಯಾಡ್ರಿಡ್‌ನ ಪ್ರಾಡೊ ಸಂಗ್ರಹಾಲಯಕ್ಕೆ ಸೇರಿದ್ದು. ಡಿ ಸೋಟೊ ಮಿಸಿಸಿಪ್ಪಿಯನ್ನು ತಲುಪಿದ್ದು 1541ರಲ್ಲಿ, ವಿಲಿಯಂ ಹೆನ್ರಿ ಪೊವೆಲ್ ಅದನ್ನು ಬರೆದು ಮುಗಿಸಿದ್ದು 1853ರಲ್ಲಿ. ಹಿಂದಿನ ವರ್ಷದ ಕಾಳಗದಲ್ಲಿ ಬಹುಪಾಲು ಸರಕನ್ನು ಕಳೆದುಕೊಂಡು ಸೋತು ಸುಣ್ಣವಾಗಿದ್ದ ಪಡೆ ಪೊವೆಲ್‌ನ ಚಿತ್ರದಲ್ಲಿ ಮದುವೆ ದಿಬ್ಬಣದಂತೆ ಸಿಂಗಾರಗೊಂಡಿದೆ.

ಕೊಲಂಬಸನ ಭಾವಚಿತ್ರ ಕೊಳ್ಳುವವರಿಗೆ ವಿಶೇಷ ಎಚ್ಚರಿಕೆ: ಆತ ಬದುಕಿದ್ದಾಗ ಎದುರು ಕೂರಿಸಿಕೊಂಡು ಬರೆದದ್ದೆಂದು ಖಚಿತವಾಗಿ ಹೇಳಬಹುದಾದ ಒಂದೇ ಒಂದು ಚಿತ್ರವೂ ಉಳಿದಿಲ್ಲ. ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಸಂಗ್ರಹಾಲಯದಲ್ಲಿರುವ ಸೆಬಾಸ್ಟಿಯಾನೊ ಡೆಲ್ ಪಿಯೊಂಬೊನ ಪ್ರಸಿದ್ಧ ಭಾವಚಿತ್ರದ ಮೇಲಿರುವ ಇಸವಿ 1519, ಕೊಲಂಬಸ್ ತೀರಿಕೊಂಡದ್ದು 1506ರಲ್ಲಿ. 'ನಿಜರೂಪದ ಭಾವಚಿತ್ರ' ಎಂಬ ಕಾರಣಕ್ಕೆ ಯಾರಾದರೂ ಹೆಚ್ಚು ಬೆಲೆ ಹೇಳಿದರೆ ಒಪ್ಪಬೇಡಿ.

ಹಂತ 3: ಅಚ್ಚಿನ ಬಗೆಯನ್ನು ಗುರುತಿಸಿ

ಎಲ್ಲಕ್ಕಿಂತ ಹೆಚ್ಚು ತಾಳ್ಮೆ ಬೇಡುವ ಹಂತ ಇದು, ಆದ್ದರಿಂದ ಇಲ್ಲಿ ಆತುರಪಡಬೇಡಿ. ಚಿತ್ರದ ಮೇಲೆ ಗಾಜಿದ್ದರೆ, ಸಾಧ್ಯವಾದಷ್ಟೂ ಅದನ್ನು ತೆಗೆಸಿ ನೋಡಿ. ಭೂತಗನ್ನಡಿಯನ್ನು ಮೊದಲು ಆಕಾಶದ ಭಾಗದ ಮೇಲೂ ಅನಂತರ ಬಟ್ಟೆಯ ಮಡಿಕೆಗಳ ನೆರಳಿನ ಮೇಲೂ ಹಿಡಿಯಿರಿ.

ಗೆರೆಗಳು ಒಂದು ತುದಿಯಲ್ಲಿ ಕೂದಲಿನಷ್ಟು ತೆಳುವಾಗಿ ಆರಂಭವಾಗಿ ನಡುವೆ ದಪ್ಪವಾಗಿ ಮತ್ತೆ ಚೂಪಾಗಿ ಮುಗಿಯುತ್ತಿದ್ದರೆ ಅದು ತಾಮ್ರದ ತಗಡಿನಲ್ಲಿ ಉಳಿಯಿಂದ ಕೊರೆದು ತೆಗೆದ ಅಚ್ಚು, ಅಂದರೆ ಎನ್‌ಗ್ರೇವಿಂಗ್. ಕೊರೆದ ಗೆರೆಯೊಳಗೆ ತುಂಬಿದ ಮಸಿಯನ್ನು ಒದ್ದೆ ಹಾಳೆ ಎಳೆದುಕೊಳ್ಳುವುದರಿಂದ, ಹಾಳೆಯನ್ನು ಬೆಳಕಿಗೆ ಓರೆಯಾಗಿ ಹಿಡಿದಾಗ ಗೆರೆಗಳು ಲೇಶ ಉಬ್ಬಿರುವುದು ಕಾಣುತ್ತದೆ. ತಗಡಿನ ಅಂಚು ಹಾಳೆಯನ್ನು ಒತ್ತಿದ ಚೌಕಾಕಾರದ ತಗ್ಗು ಚಿತ್ರದ ಸುತ್ತ ಉಳಿದಿರುತ್ತದೆ, ಇದನ್ನು ತಗಡುಗುರುತು ಎನ್ನೋಣ. ಡಿ ಬ್ರೈಯ ಚಿತ್ರಗಳೆಲ್ಲ ಈ ಬಗೆಯವು. ಉಕ್ಕಿನ ತಗಡಿನಲ್ಲಿ ಕೊರೆದವು 1820ರ ದಶಕದಿಂದೀಚೆಗಿನವು. ಅವುಗಳ ಗೆರೆಗಳು ಇನ್ನೂ ಸಣ್ಣವು, ಒತ್ತೊತ್ತಾಗಿ ಬೂದುಬಣ್ಣದಂತೆ ಕಾಣುತ್ತವೆ. ವಾಂಡರ್ಲಿನ್ ಚಿತ್ರದ ಸೂಕ್ಷ್ಮ ಕೆತ್ತನೆಗಳು ಅಮೆರಿಕದ ಬ್ಯಾಂಕ್ ನೋಟುಗಳ ಮೇಲೂ 1869ರ 15 ಸೆಂಟಿನ ಅಂಚೆಚೀಟಿಯ ಮೇಲೂ ಬಂದವು. ಆ ಚಿತ್ರ ಇಷ್ಟು ಮನೆಮಾತಾದದ್ದು ಅದರಿಂದಲೇ.

ಮರದಚ್ಚಿನಲ್ಲಿ ಗೆರೆ ದಪ್ಪವಾಗಿ, ಒರಟಾಗಿರುತ್ತದೆ, ತಗಡುಗುರುತು ಇರುವುದಿಲ್ಲ. ಕೊಲಂಬಸ್ ತನ್ನ ಮೊದಲ ಯಾನದ ಬಗ್ಗೆ ಬರೆದ ಪತ್ರವನ್ನು 1493ರಲ್ಲಿ ಬಾಸೆಲ್ ನಗರದಲ್ಲಿ ಅಚ್ಚು ಹಾಕಿದಾಗ ಸೇರಿಸಿದ ಚಿತ್ರಗಳು ಈ ಬಗೆಯವು. ಅವುಗಳಲ್ಲೊಂದರಲ್ಲಿ ಇರುವುದು ಹುಟ್ಟು ಹಾಕಿ ನಡೆಸುವ ಮೆಡಿಟರೇನಿಯನ್ ದೋಣಿ, ಸಾಗರ ದಾಟಿದ ಹಡಗಲ್ಲ.

ಗೆರೆಗಳ ಬದಲು ಗಿಡ್ಡ ಬಳಪದಿಂದ ಉಜ್ಜಿದಂಥ ಕಣಕಣವಾದ ಮೈ ಕಂಡರೆ ಅದು ಕಲ್ಲಚ್ಚು, ಎಂದರೆ ಲಿಥೋಗ್ರಾಫ್. ಒಂದೊಂದು ಬಣ್ಣಕ್ಕೆ ಒಂದೊಂದು ಕಲ್ಲು ಬಳಸಿ ತೆಗೆದದ್ದು ಬಣ್ಣದ ಕಲ್ಲಚ್ಚು. ರವಿವರ್ಮನ ಮುದ್ರಣಾಲಯ 1894ರಿಂದ ಹೊರತಂದ ದೇವರ ಪಟಗಳು ನಿಮ್ಮ ಅಜ್ಜಿಮನೆಯಲ್ಲಿ ಇದ್ದರೆ ಅವನ್ನೇ ಭೂತಗನ್ನಡಿಯಲ್ಲಿ ನೋಡಿ ಕಣ್ಣನ್ನು ಪಳಗಿಸಿಕೊಳ್ಳಿ, ತಂತ್ರ ಒಂದೇ. ಚುಕ್ಕಿಗಳು ಎರಚಿದ ರಾಗಿಹಿಟ್ಟಿನಂತೆ ಅಡ್ಡಾದಿಡ್ಡಿಯಾಗಿರುತ್ತವೆ, ಬಣ್ಣಗಳು ಒಂದರ ಮೇಲೊಂದು ಕುಳಿತಿರುತ್ತವೆ, ಅಂಚಿನಲ್ಲಿ ಒಂದು ಬಣ್ಣ ಕೂದಲೆಳೆಯಷ್ಟು ಸರಿದಿರುತ್ತದೆ. ಕೊಲಂಬಸನ ಯಾನದ 400ನೇ ವರ್ಷದ ಸಂಭ್ರಮದಲ್ಲಿ, 1892–93ರ ಆಸುಪಾಸಿನಲ್ಲಿ, ಇಂಥವು ವಿಪುಲವಾಗಿ ಬಂದವು. ಬಾಸ್ಟನ್ನಿನ ಪ್ರ್ಯಾಂಗ್ ಕಂಪನಿ 1893ರಲ್ಲಿ ಹೊರತಂದದ್ದು ಅವುಗಳಲ್ಲಿ ಹೆಸರಾದದ್ದು.

ಚುಕ್ಕಿಗಳು ಸೈನಿಕರ ಸಾಲಿನಂತೆ ಅಚ್ಚುಕಟ್ಟಾಗಿದ್ದು, ನೀಲಿ, ಕೆಂಪು, ಹಳದಿ, ಕಪ್ಪು ಚುಕ್ಕಿಗಳು ಕೂಡಿ ಪುಟ್ಟ ಹೂವಿನ ಎಸಳಿನಂತೆ ಕಂಡರೆ ಅದು 20ನೇ ಶತಮಾನದ ಆಫ್‌ಸೆಟ್ ಮುದ್ರಣ. ಚುಕ್ಕಿಗಳು ತುಂತುರು ಮಳೆ ಬಿದ್ದಂತೆ ಅತಿ ಸಣ್ಣದಾಗಿ ಚದುರಿದ್ದರೆ ಅದು ಇಂಕ್‌ಜೆಟ್ ಪ್ರತಿ. 'ಜಿಕ್ಲೇ' ಎಂಬ ಗಂಭೀರ ಹೆಸರಿನಲ್ಲಿ ಮಾರುವುದು ಇದನ್ನೇ. ಇವೆರಡನ್ನೂ ಕೊಳ್ಳಬಾರದೆಂದು ನಾನು ಹೇಳುತ್ತಿಲ್ಲ, ಹಳೆಯದರ ಬೆಲೆಗೆ ಕೊಳ್ಳಬೇಡಿ ಎಂದಷ್ಟೇ ಹೇಳುತ್ತಿದ್ದೇನೆ.

ಇಲ್ಲಿ ಮೂರು ಕಡೆ ಜನ ಜಾರುತ್ತಾರೆ. ಮೊದಲನೆಯದು, ತಗಡುಗುರುತನ್ನೇ ನಂಬುವುದು. ಹೊಸ ಪ್ರತಿಗೂ ಖಾಲಿ ತಗಡು ಒತ್ತಿ ಗುರುತು ಮೂಡಿಸಬಹುದು. ಹಳೆಯ ಪ್ರತಿಯ ಅಂಚನ್ನು ಹಿಂದೊಮ್ಮೆ ಯಾರೋ ಕತ್ತರಿಸಿದ್ದರೆ ಗುರುತು ಇಲ್ಲದೆಯೂ ಹೋಗಬಹುದು. ಎರಡನೆಯದು, ಚುಕ್ಕಿ ಕಾಣದಿದ್ದರೆ ಹಳೆಯದೇ ಎಂದುಕೊಳ್ಳುವುದು. ಬರಿಯ ಗೆರೆಯ ಚಿತ್ರವನ್ನು ಚುಕ್ಕಿಗಳಿಲ್ಲದೆಯೂ ಮರುಮುದ್ರಿಸಬಹುದು, ಆದರೆ ಅದರ ಗೆರೆ ಹಾಳೆಯ ಮೇಲೆ ಚಪ್ಪಟೆಯಾಗಿ ಮಲಗಿರುತ್ತದೆ, ಉಬ್ಬು ಇರದು. ಮೂರನೆಯದು, ಅಳತೆಯನ್ನು ಮರೆಯುವುದು. ಡಿ ಬ್ರೈಯ ಪುಸ್ತಕದ ಚಿತ್ರಗಳು ಸುಮಾರು 15 ಸೆಂ.ಮೀ. ಎತ್ತರ, 20 ಸೆಂ.ಮೀ. ಅಗಲದವು. ಎರಡಡಿ ಅಗಲದ 'ಮೂಲ ಡಿ ಬ್ರೈ' ಎಂದು ಯಾರಾದರೂ ತೋರಿಸಿದರೆ ಭೂತಗನ್ನಡಿ ಹೊರತೆಗೆಯುವ ಅಗತ್ಯವೇ ಇಲ್ಲ.

ಹಂತ 4: ಅಕ್ಷರ, ಹಾಳೆ, ಬಣ್ಣ

ಚಿತ್ರದ ಕೆಳ ಅಂಚಿನಲ್ಲಿ ಸಣ್ಣ ಅಕ್ಷರಗಳಲ್ಲಿ ಲ್ಯಾಟಿನ್ ಪದಗಳಿರುತ್ತವೆ. 'ಪಿಂಕ್ಸಿಟ್' ಎಂದರೆ ವರ್ಣಚಿತ್ರ ಬರೆದವನು, 'ಡೆಲಿನಿಯಾವಿಟ್' ಎಂದರೆ ರೇಖೆಯಲ್ಲಿ ಬಿಡಿಸಿದವನು, 'ಸ್ಕಲ್ಪ್ಸಿಟ್' ಎಂದರೆ ತಗಡಿನಲ್ಲಿ ಕೊರೆದವನು, 'ಎಕ್ಸ್‌ಕ್ಯೂಡಿಟ್' ಎಂದರೆ ಪ್ರಕಟಿಸಿದವನು. ಪೂರ್ಣ ಪದದ ಬದಲು ಮೊದಲ ಮೂರು ನಾಲ್ಕು ಅಕ್ಷರಗಳಷ್ಟೇ ಇರುವುದು ಹೆಚ್ಚು. ಸ್ಪೇನಿನಲ್ಲಿ ಅಚ್ಚಾದವುಗಳಲ್ಲಿ 'ಗ್ರಬೊ' ಎಂಬ ಪದ ಕೊರೆದವನನ್ನೂ 'ದಿಬುಹೊ' ಎಂಬುದು ಬಿಡಿಸಿದವನನ್ನೂ ಸೂಚಿಸುತ್ತದೆ. ಮ್ಯಾಡ್ರಿಡ್‌ನ ರಾಜಮುದ್ರಣಾಲಯ 1791ರಿಂದ ಹೊರತಂದ ಸ್ಪೇನಿನ ಗಣ್ಯರ ಭಾವಚಿತ್ರ ಮಾಲೆಯಲ್ಲಿ ಕೋರ್ಟೆಸ್‌ನೂ ಇದ್ದಾನೆ. ಅಂಥ ಹಾಳೆ ಸಿಕ್ಕರೆ ಈ ಅಕ್ಷರಗಳಿಂದಲೇ ಅದರ ಜಾಡು ಹಿಡಿಯಬಹುದು.

ಹಾಳೆಯನ್ನು ಕಿಟಕಿಯ ಬೆಳಕಿಗೆ ಎತ್ತಿ ಹಿಡಿಯಿರಿ. ಬಿದಿರಿನ ಚಾಪೆಯ ನೇಯ್ಗೆಯಂತೆ ಒತ್ತಾದ ಅಡ್ಡಗೆರೆಗಳೂ ಅವನ್ನು ದಾಟುವ ಉದ್ದಗೆರೆಗಳೂ ಕಂಡರೆ ಅದು ತಂತಿಜರಡಿಯಲ್ಲಿ ಕೈಯಿಂದ ಮಾಡಿದ ಕಾಗದವಾಗಿರಬಹುದು. ಯೂರೋಪಿನಲ್ಲಿ 18ನೇ ಶತಮಾನದ ನಡುಭಾಗದವರೆಗೆ ಬೇರೆ ಬಗೆಯ ಕಾಗದ ಬಳಕೆಯಲ್ಲಿರಲಿಲ್ಲ. ಹಾಗಾಗಿ 1594ರದ್ದೆನ್ನುವ ಹಾಳೆ ಗೆರೆಯಿಲ್ಲದೆ ನುಣ್ಣಗಿದ್ದರೆ ಅನುಮಾನಪಡಿ. ಕೋಣೆಯನ್ನು ಕತ್ತಲು ಮಾಡಿ ನೇರಳಾತೀತ ಟಾರ್ಚು ಬಿಟ್ಟಾಗ ಹಾಳೆ ಹೊಸ ಬಿಳಿ ಅಂಗಿಯಂತೆ ನೀಲಿಯಾಗಿ ಹೊಳೆದರೆ, ಅದರಲ್ಲಿ ಬಿಳುಪು ಹೆಚ್ಚಿಸುವ ರಾಸಾಯನಿಕ ಬೆರೆತಿದೆ ಎಂದರ್ಥ. ಅಂಥ ಕಾಗದ ಸುಮಾರು 1950ರಿಂದೀಚಿನದು.

ಬಣ್ಣದ ಬಗ್ಗೆ ಹೇಳುವುದಾದರೆ, ಡಿ ಬ್ರೈಯಂಥವರ ತಾಮ್ರದಚ್ಚುಗಳು ಹೊರಬಂದದ್ದು ಕಪ್ಪು ಮಸಿಯಲ್ಲಿ. ಮೇಲೆ ಕುಂಚದಿಂದ ಹಚ್ಚಿದ ಬಣ್ಣ ಆಗಿನದೂ ಇರಬಹುದು, ನೂರಾರು ವರ್ಷಗಳ ಅನಂತರ ಮಾರಾಟಕ್ಕೆಂದು ಯಾರೋ ಹಚ್ಚಿದ್ದೂ ಇರಬಹುದು. ಕೆಲವು ಹಳೆಯ ಹಸಿರು ಬಣ್ಣಗಳಲ್ಲಿ ತಾಮ್ರದ ಅಂಶವಿದ್ದು, ಕಾಲಕ್ರಮೇಣ ಅದು ಕಾಗದವನ್ನೇ ತಿಂದು ಹಿಂಬದಿಗೆ ಕಂದುಗಲೆಯಾಗಿ ಇಳಿಯುತ್ತದೆ. ಹಾಳೆಯನ್ನು ತಿರುಗಿಸಿ ನೋಡಿದಾಗ ಮರ, ಹುಲ್ಲು ಇರುವೆಡೆ ಅಂಥ ಕಲೆ ಇದ್ದರೆ ಬಣ್ಣ ಹಳೆಯದೆಂಬುದಕ್ಕೆ ಒಂದು ಸೂಚನೆ ಸಿಕ್ಕಿತೆನ್ನಬಹುದು.

ಹಂತ 5: ಹೊಸದಾಗಿ ಮುದ್ರಿಸಿಕೊಳ್ಳುವವರಿಗೆ

ಶಾಲೆಗಳಿಗೂ ಹೆಚ್ಚಿನ ಮನೆಗಳಿಗೂ ನಾನು ಸೂಚಿಸುವುದು ಈ ದಾರಿಯನ್ನೇ. ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್, ನ್ಯೂಯಾರ್ಕಿನ ಮೆಟ್ರೊಪಾಲಿಟನ್, ಆಮ್‌ಸ್ಟರ್‌ಡ್ಯಾಮಿನ ರೈಕ್ಸ್‌ಮ್ಯೂಸಿಯಂ, ಸ್ಪೇನಿನ ರಾಷ್ಟ್ರೀಯ ಗ್ರಂಥಾಲಯ ಇವೆಲ್ಲ ತಮ್ಮ ಹಳೆಯ ಅಚ್ಚುಚಿತ್ರಗಳನ್ನು ಅಂತರ್ಜಾಲದಲ್ಲಿ ಇರಿಸಿವೆ. ಭಾರತದಲ್ಲಿ ಕಲಾವಿದ ತೀರಿಕೊಂಡು 60 ವರ್ಷ ದಾಟಿದರೆ ಹಕ್ಕುಸ್ವಾಮ್ಯ ಮುಗಿಯುತ್ತದೆ, ಆದ್ದರಿಂದ ಡಿ ಬ್ರೈ, ವಾಂಡರ್ಲಿನ್, ಪುಯೆಬ್ಲಾ ಇವರ ಕೃತಿಗಳಿಗೆ ಆ ತೊಡಕಿಲ್ಲ. ಹಾಗಿದ್ದರೂ ಪ್ರತಿ ಸಂಸ್ಥೆ ತನ್ನ ಛಾಯಾಚಿತ್ರದ ಬಳಕೆಗೆ ಹಾಕಿರುವ ಷರತ್ತನ್ನು ಚಿತ್ರದ ಪಕ್ಕದಲ್ಲೇ ಓದಿಕೊಳ್ಳಿ.

ಇಳಿಸಿಕೊಳ್ಳುವಾಗ ಸಿಗುವುದರಲ್ಲಿ ಅತಿ ದೊಡ್ಡ ಕಡತವನ್ನೇ ಆರಿಸಿ. ಒಂದು ಅಂಗುಲಕ್ಕೆ 300 ಚುಕ್ಕಿಗಳ ಲೆಕ್ಕದಲ್ಲಿ ಎ3 ಅಳತೆಗೆ 3508 × 4961 ಪಿಕ್ಸೆಲ್ ಬೇಕು, 16 × 24 ಅಂಗುಲಕ್ಕೆ 4800 × 7200 ಬೇಕು. ಗೆರೆಯ ಚಿತ್ರಕ್ಕೆ ಇದರಲ್ಲಿ ರಿಯಾಯಿತಿ ಬೇಡ. ವರ್ಣಚಿತ್ರವನ್ನು ದೂರದಿಂದ ನೋಡುವುದಾದರೆ 200ಕ್ಕೆ ಇಳಿದರೂ ನಡೆದೀತು. ಮುದ್ರಿಸುವವರಿಗೆ ಹತ್ತಿಯ ನಾರಿನ, ಆಮ್ಲರಹಿತ, ಹೊಳಪಿಲ್ಲದ ಹಾಳೆಯನ್ನೂ ಡೈ ಅಲ್ಲದ ಪಿಗ್ಮೆಂಟ್ ಶಾಯಿಯನ್ನೂ ಕೇಳಿ. ಡೈ ಶಾಯಿ ಬಿಸಿಲಿಗೆ ಬೇಗ ಮಾಸುತ್ತದೆ.

ಈ ಹಂತದ ದೊಡ್ಡ ಅಪಾಯ ಕತ್ತರಿ. ವಾಂಡರ್ಲಿನ್‌ನ ಮೂಲಚಿತ್ರ 12 ಅಡಿ ಎತ್ತರ, 18 ಅಡಿ ಅಗಲ, ಎಂದರೆ ಎರಡಕ್ಕೆ ಮೂರರ ಪ್ರಮಾಣ. ಅದನ್ನು 16 × 24 ಅಂಗುಲಕ್ಕೆ ಇಳಿಸಿದರೆ ಏನೂ ಕಳೆಯುವುದಿಲ್ಲ. ಆದರೆ ಸಿದ್ಧ ಚೌಕಟ್ಟುಗಳು ಸಿಗುವುದು 16 × 20ರಲ್ಲಿ. ಅದಕ್ಕೆ ಹೊಂದಿಸಲು ಅಗಲದಲ್ಲಿ ನಾಲ್ಕು ಅಂಗುಲ, ಆರನೇ ಒಂದು ಭಾಗ, ಹಾರಿಹೋಗಬೇಕು. ಹೋಗುವುದು ಏನು? ಬಲತುದಿಯಲ್ಲಿ ಮರದ ಮರೆಯಿಂದ ಇಣುಕಿ ನೋಡುತ್ತಿರುವ ದ್ವೀಪವಾಸಿಗಳು. ತಮ್ಮದೇ ನೆಲದ ಚಿತ್ರದಲ್ಲಿ ಕಲಾವಿದ ಅವರಿಗೆ ಕೊಟ್ಟಿದ್ದೇ ಆ ಮೂಲೆ, ಕಟ್ಟು ಹಾಕಿಸುವ ಅನುಕೂಲಕ್ಕಾಗಿ ಅದನ್ನೂ ಕಸಿದುಕೊಳ್ಳಬೇಡಿ. ಚಿತ್ರದ ಪ್ರಮಾಣಕ್ಕೆ ಚೌಕಟ್ಟನ್ನು ಮಾಡಿಸಿ, ಚೌಕಟ್ಟಿನ ಪ್ರಮಾಣಕ್ಕೆ ಚಿತ್ರವನ್ನಲ್ಲ.

ಜಾಗವಿದ್ದರೆ ಇಂಥ ಚಿತ್ರದ ಪಕ್ಕದಲ್ಲಿ ಇನ್ನೊಂದು ಚಿತ್ರವನ್ನೂ ಹಾಕಿ ಎಂಬುದು ನನ್ನ ಸಲಹೆ. 1577ರ ಸುಮಾರಿಗೆ ಮೆಕ್ಸಿಕೊದಲ್ಲಿ ಸ್ಥಳೀಯ ಚಿತ್ರಕಾರರು ಬರೆದ 'ಫ್ಲೋರೆಂಟೈನ್ ಕೋಡೆಕ್ಸ್' ಎಂಬ ಹಸ್ತಪ್ರತಿಯ ಹನ್ನೆರಡನೆಯ ಭಾಗದಲ್ಲಿ ಕೋರ್ಟೆಸ್‌ನ ದಂಡಯಾತ್ರೆ ನಹುವಾ ಜನರ ಕಣ್ಣಿಗೆ ಕಂಡಂತೆ ಇದೆ. ಅದೂ ಅಂತರ್ಜಾಲದಲ್ಲಿ ಲಭ್ಯ.

ಹಂತ 6: ಹಳೆಯದನ್ನು ಕೊಳ್ಳುವಾಗ

ಮಾರುವವರಿಂದ ನಾಲ್ಕು ವಿಷಯಗಳನ್ನು ಬರವಣಿಗೆಯಲ್ಲೇ ಪಡೆಯಿರಿ: ಅಚ್ಚಿನ ಬಗೆ, ಅಚ್ಚಾದ ಕಾಲ, ಬಣ್ಣ ಯಾವಾಗಿನದು, ಹರಿದದ್ದನ್ನು ಸರಿಪಡಿಸಿದ್ದುಂಟೇ ಎಂಬುದು. ಹಿಂಬದಿಯ ಫೋಟೊ ಕಳುಹಿಸಲು ಒಪ್ಪದವರ ಬಳಿ ವ್ಯವಹಾರ ಬೇಡ. ಸ್ಪೇನಿನಲ್ಲಿರುವ ಓದುಗರು ಗಮನಿಸಬೇಕಾದದ್ದೊಂದಿದೆ. ಅಲ್ಲಿನ 1985ರ ಪರಂಪರೆ ಕಾನೂನಿನಂತೆ, ಐತಿಹಾಸಿಕ ಪರಂಪರೆಗೆ ಸೇರಿದ, ನೂರು ವರ್ಷ ದಾಟಿದ ವಸ್ತುವನ್ನು ದೇಶದಿಂದ ಹೊರಗೆ ಒಯ್ಯಲು ಅನುಮತಿ ಬೇಕು. ಆ ಕಾಗದಪತ್ರ ಮಾರುವವರೇ ಮಾಡಿಸಿಕೊಡುವರೇ ಎಂದು ಹಣ ಕೊಡುವ ಮೊದಲು ಕೇಳಿ. ಗಾಜು ಸಮೇತ ಸಾಗಿಸಬೇಡಿ. ಒಡೆದ ಗಾಜು ಚಿತ್ರವನ್ನು ಸೀಳಿದರೆ ಮತ್ತೆ ಸರಿಹೋಗದು.

ಹಂತ 7: ಕಟ್ಟು ಹಾಕಿಸುವುದು

ನಮ್ಮೂರಿನ ಫ್ರೇಮ್ ಅಂಗಡಿಗಳಲ್ಲಿ ದೇವರ ಪಟಕ್ಕೂ ಮದುವೆಯ ಫೋಟೊಕ್ಕೂ ಕಟ್ಟು ಹಾಕುವ ಕ್ರಮ ಒಂದೇ: ಚಿತ್ರವನ್ನು ಗಾಜಿಗೆ ತಾಗಿಸಿ, ಹಿಂದೆ ಹಾರ್ಡ್‌ಬೋರ್ಡ್ ಇಟ್ಟು, ಮೊಳೆ ಹೊಡೆದು, ಕಂದು ಟೇಪು ಹಚ್ಚುವುದು. ಅಚ್ಚುಚಿತ್ರಕ್ಕೆ ಈ ಕ್ರಮ ಆಗಿಬರುವುದಿಲ್ಲ. ನಾನು ವಿವರವಾಗಿ ಹೇಳದೆ ಕೊಟ್ಟುಬಂದ ಒಂದು ಕಲ್ಲಚ್ಚನ್ನು ಸುಕ್ಕು ಬಾರದಿರಲೆಂಬ ಸದುದ್ದೇಶದಿಂದಲೇ ಹಲಗೆಗೆ ಪೂರ್ತಿ ಅಂಟಿಸಿಬಿಟ್ಟಿದ್ದರು. ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಹಲಗೆಯ ಕಂದು ಬಣ್ಣ ಆಕಾಶದ ಭಾಗಕ್ಕೆಲ್ಲ ಇಳಿದಿತ್ತು. ಆದ್ದರಿಂದ ಕೆಳಗಿನ ಪಟ್ಟಿಯನ್ನು ಬರೆದುಕೊಂಡು ಹೋಗಿ, ಅಂಗಡಿಯವರ ಜೊತೆ ಕೂತು ಮಾತಾಡಿ.

1. ಮೌಂಟ್: ಚಿತ್ರದ ಸುತ್ತ ಕಿಟಕಿಯಂತೆ ಕತ್ತರಿಸಿದ ದಪ್ಪ ರಟ್ಟು. ಇದು ಅಂದಕ್ಕಷ್ಟೇ ಅಲ್ಲ, ಗಾಜು ಹಾಳೆಗೆ ತಾಗದಂತೆ ಅಂತರ ಕಾಯುವುದು ಇದರ ಮುಖ್ಯ ಕೆಲಸ. ಹತ್ತಿಯ ನಾರಿನ, ಆಮ್ಲರಹಿತ ರಟ್ಟನ್ನೇ ಕೇಳಿ. ಕಿಟಕಿಯನ್ನು ಕತ್ತರಿಸಿದ ಓರೆ ಅಂಚು ಕೆಲವೇ ತಿಂಗಳಲ್ಲಿ ಹಳದಿಯಾದರೆ ರಟ್ಟು ಕಳಪೆಯದೆಂದು ತಿಳಿಯಿರಿ. ಹಳೆಯ ತಾಮ್ರದಚ್ಚಾದರೆ ತಗಡುಗುರುತಿನ ಹೊರಗೂ ಐದಾರು ಮಿ.ಮೀ. ಹಾಳೆ ಕಾಣುವಂತೆ ಕಿಟಕಿ ಇರಲಿ, ಗುರುತು ಮುಚ್ಚಿಹೋದರೆ ಚಿತ್ರದ ಸಾಕ್ಷ್ಯವೇ ಮುಚ್ಚಿದಂತೆ.

2. ಅಳತೆ: 16 × 24 ಅಂಗುಲದ ಚಿತ್ರಕ್ಕೆ ಮೇಲೂ ಪಕ್ಕಗಳಲ್ಲೂ 3 ಅಂಗುಲ, ಕೆಳಗೆ ಮೂರೂವರೆ ಅಂಗುಲ ರಟ್ಟು ಬಿಟ್ಟರೆ ಒಟ್ಟು 22.5 × 30 ಅಂಗುಲವಾಗುತ್ತದೆ. ಕೆಳಗೆ ತುಸು ಹೆಚ್ಚು ಬಿಡುವುದು ಚಿತ್ರ ಜಾರಿದಂತೆ ಕಾಣದಿರಲೆಂದು.

3. ಅಂಟು: ಚಿತ್ರವನ್ನು ಹಿಂಬದಿಯ ರಟ್ಟಿಗೆ ಮೇಲಂಚಿನ ಎರಡು ಕಡೆ ಮಾತ್ರ, ಜಪಾನಿ ತೆಳುಕಾಗದದ ಸಣ್ಣ ಪಟ್ಟಿಗಳಿಂದ ತೂಗುಬಿಡಬೇಕು. ಪಟ್ಟಿಗೆ ಹಚ್ಚುವುದು ಗೋಧಿಯ ಪಿಷ್ಟವನ್ನು ಬೇಯಿಸಿದ ಅಂಟು. ಇದು ನೀರಿನಿಂದ ಬಿಡಿಸಿಕೊಳ್ಳುವಂಥದ್ದು. ಮೈದಾ ಅಂಟು ಬೇಡ, ಹುಳುಗಳಿಗೆ ಅದು ಹಬ್ಬದೂಟ. ಫೆವಿಕಾಲ್, ಸೆಲ್ಲೋಟೇಪು, ಎರಡು ಬದಿ ಅಂಟುವ ಟೇಪು, ಬಿಸಿ ಒತ್ತಿ ಅಂಟಿಸುವ ಡ್ರೈ ಮೌಂಟಿಂಗ್, ಲ್ಯಾಮಿನೇಷನ್ ಯಾವುದನ್ನೂ ಹಳೆಯ ಹಾಳೆಯ ಹತ್ತಿರ ಸುಳಿಯಗೊಡಬೇಡಿ. ಕಾಗದ ತೇವಕ್ಕೆ ಹಿಗ್ಗಿ ಒಣಹವೆಗೆ ಕುಗ್ಗುವಂಥದ್ದು. ಸುತ್ತಲೂ ಅಂಟಿಸಿದರೆ ಹಿಗ್ಗಲು ಜಾಗವಿಲ್ಲದೆ ಅಲೆ ಏಳುತ್ತದೆ.

4. ಗಾಜು: ನೇರಳಾತೀತ ಕಿರಣ ತಡೆಯುವ ಗಾಜು ದುಬಾರಿಯಾದರೂ ಹಳೆಯ ಪ್ರತಿಗೆ ಅದನ್ನೇ ಹಾಕಿಸಿ. ಹೊಸ ಮುದ್ರಣಕ್ಕೆ 2 ಮಿ.ಮೀ. ಸಾದಾ ಗಾಜು ಸಾಕು. ಮೇಲೆ ಹೇಳಿದ ಅಳತೆಗೆ ಆ ಗಾಜೊಂದೇ 2 ಕೆ.ಜಿ.ಗಿಂತ ತುಸು ಹೆಚ್ಚು ತೂಗುತ್ತದೆ. ಮಕ್ಕಳು ಓಡಾಡುವೆಡೆ ಅಕ್ರಿಲಿಕ್ ಹಾಳೆ ಒಳ್ಳೆಯದು.

5. ಹಿಂಬದಿ: ಹಾರ್ಡ್‌ಬೋರ್ಡ್ ಇಡಲೇಬೇಕಾದರೆ ಅದಕ್ಕೂ ಚಿತ್ರಕ್ಕೂ ನಡುವೆ ಆಮ್ಲರಹಿತ ರಟ್ಟು ಇರಲಿ. ಹಳೆಯ ಪತ್ರಿಕೆಯನ್ನು ತುಂಬಿಸಲು ಬಿಡಬೇಡಿ. ಕೊನೆಗೆ ಸಂದುಗಳನ್ನು ಮುಚ್ಚುವ ಕೆಲಸವನ್ನು ಬೇಸಗೆಯ ಒಣ ದಿನದಲ್ಲಿ ಮಾಡಿಸಿ. ಜುಲೈನಲ್ಲಿ ಮುಚ್ಚಿಸಿದರೆ ಮಳೆಗಾಲದ ತೇವವನ್ನೇ ಒಳಗಿಟ್ಟು ಬೀಗ ಹಾಕಿದಂತಾಗುತ್ತದೆ.

ಚೌಕಟ್ಟಿನ ಮರದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಗೆರೆಯ ಚಿತ್ರಕ್ಕೆ ತೆಳುವಾದ ಗಾಢ ಬಣ್ಣದ ಪಟ್ಟಿ, ಬಣ್ಣದ ಕಲ್ಲಚ್ಚಿಗೆ ತುಸು ಅಗಲದ ಮಾಸಲು ಚಿನ್ನದ ಪಟ್ಟಿ ಒಪ್ಪುತ್ತದೆ. ಗೆದ್ದಲು ನಿರೋಧಕ ಹಚ್ಚಿದ ಮರವೇ ಎಂದು ಕೇಳಿಕೊಳ್ಳಿ.

ಹಂತ 8: ವಿವರದ ಚೀಟಿ

ಚೌಕಟ್ಟಿನ ಹಿಂಬದಿಗೆ ಒಂದು ಚೀಟಿ ಅಂಟಿಸಿ, ಅದೇ ವಿವರವನ್ನು ಗೋಡೆಯ ಮೇಲೆ ಚಿತ್ರದ ಪಕ್ಕದಲ್ಲೂ ಹಾಕಿ. ಹಳೆಯ ಹಾಳೆಯ ಮೇಲೆ ಮಾತ್ರ ಏನನ್ನೂ ಬರೆಯಬೇಡಿ. ಎರಡನೆಯ ಹಂತದಲ್ಲಿ ಬರೆದಿಟ್ಟ ಎರಡು ಇಸವಿಗಳು ಈಗ ಬೇಕಾಗುತ್ತವೆ. 'ಕೊಲಂಬಸ್ ಅಮೆರಿಕದಲ್ಲಿ, 1492' ಎಂದಷ್ಟೇ ಬರೆದರೆ ಅದನ್ನು ನೋಡುವ ಮಗು ಅದು ಕಂಡವರು ಬರೆದ ಚಿತ್ರವೆಂದೇ ತಿಳಿಯುತ್ತದೆ. ಬದಲಿಗೆ ಹೀಗೆ ಬರೆಯಿರಿ: 'ತೈನೊ ಜನರ ಗ್ವಾನಹಾನಿ ದ್ವೀಪದಲ್ಲಿ ಕೊಲಂಬಸ್ ಇಳಿದದ್ದು 1492ರಲ್ಲಿ. ಈ ಕಲ್ಪಿತ ದೃಶ್ಯವನ್ನು ಜಾನ್ ವಾಂಡರ್ಲಿನ್ ಅಮೆರಿಕದ ಸಂಸತ್ತಿಗಾಗಿ ಬರೆದದ್ದು 1847ಕ್ಕೆ ಮುನ್ನ. ಇದು ಹೊಸ ಮುದ್ರಣ.' ನಾಲ್ಕು ಸಾಲಿನ ಈ ಚೀಟಿಗೆ ಖರ್ಚಿಲ್ಲ. ಶಾಲೆಗಳಲ್ಲಂತೂ ಇದನ್ನು ಬಿಡಲೇಬೇಡಿ ಎಂದು ಕೈಮುಗಿದು ಕೇಳುತ್ತೇನೆ.

ಹಂತ 9: ಗೋಡೆ, ಬೆಳಕು, ಮಳೆಗಾಲ

ಮನೆಯ ಒಳಗೋಡೆಯನ್ನೇ ಆರಿಸಿ. ಮಳೆ ಬಡಿಯುವ ಹೊರಗೋಡೆ, ಬಚ್ಚಲಿನ ಹಿಂಗೋಡೆ, ಒಲೆಯ ಹತ್ತಿರದ ಗೋಡೆ, ಊದುಬತ್ತಿ ಮತ್ತು ದೀಪದ ಹೊಗೆ ತಾಗುವ ದೇವರಕೋಣೆಯ ಆಸುಪಾಸು ಬೇಡ. ಚಿತ್ರದ ನಡುಭಾಗ ನೆಲದಿಂದ ಸುಮಾರು 145ರಿಂದ 150 ಸೆಂ.ಮೀ. ಎತ್ತರದಲ್ಲಿದ್ದರೆ ನಿಂತು ನೋಡುವವರಿಗೆ ಕಣ್ಣಿನ ನೇರಕ್ಕೆ ಬರುತ್ತದೆ. ಗಾರೆಗೆ ಬರಿಯ ಮೊಳೆ ಹೊಡೆಯದೆ ಡ್ರಿಲ್ಲಿನಿಂದ ತೂತು ಮಾಡಿ, ಪ್ಲಗ್ ಹಾಕಿ, ಎರಡು ಕಡೆ ಸ್ಕ್ರೂ ಕೂರಿಸಿ. ಚೌಕಟ್ಟಿನ ಹಿಂದೆ ಕೆಳಮೂಲೆಗಳಲ್ಲಿ ಎರಡು ರಬ್ಬರ್ ಗುಂಡಿ ಅಂಟಿಸಿದರೆ ಗೋಡೆಗೂ ಚಿತ್ರಕ್ಕೂ ನಡುವೆ ಗಾಳಿಯಾಡುತ್ತದೆ. ಕರಾವಳಿ, ಮಲೆನಾಡಿನವರಿಗೆ ಇದು ಅತ್ಯಗತ್ಯ.

ಸಂಗ್ರಹಾಲಯಗಳು ಕಾಗದದ ಕೃತಿಗಳಿಗೆ 50 ಲಕ್ಸ್ ಬೆಳಕನ್ನಷ್ಟೇ ಬಿಡುತ್ತವೆ. ಲಕ್ಸ್ ಎಂದರೆ ಮೇಲ್ಮೈ ಮೇಲೆ ಬೀಳುವ ಬೆಳಕಿನ ಅಳತೆ. ಮನೆಯಲ್ಲಿ ಅಷ್ಟು ಕಟ್ಟುನಿಟ್ಟು ಸಾಧ್ಯವಿಲ್ಲ, ನೇರ ಬಿಸಿಲು ದಿನದ ಯಾವ ಹೊತ್ತಿನಲ್ಲೂ ಬೀಳದಂತೆ ನೋಡಿಕೊಂಡರೆ ಸಾಕು. ಗಾಜು ಒರೆಸುವಾಗ ದ್ರಾವಣವನ್ನು ಬಟ್ಟೆಗೆ ಹಾಕಿ ಒರೆಸಿ, ಗಾಜಿನ ಮೇಲೆ ಸಿಂಪಡಿಸಿದರೆ ಅದು ಅಂಚಿನಿಂದ ಒಳಗಿಳಿದು ರಟ್ಟನ್ನು ಸೇರುತ್ತದೆ.

ಗಾಳಿಯ ತೇವಾಂಶ ಶೇ 65 ದಾಟಿ ಹಲವು ದಿನ ನಿಂತರೆ ಬೂಸ್ಟು ಹುಟ್ಟುತ್ತದೆ. ಮಡಿಕೇರಿ, ಆಗುಂಬೆಯ ಕಡೆಯ ಓದುಗರು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹಳೆಯ ಪ್ರತಿಗಳನ್ನು ಇಳಿಸಿ, ಪುಸ್ತಕದ ಬೀರುವಿನಲ್ಲಿ ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ ಇಡುವುದು ಕ್ಷೇಮ. ಜೆಲ್ ಚಿತ್ರಕ್ಕೆ ತಾಗಬಾರದು. ದೀಪಾವಳಿಯ ಹೊತ್ತಿಗೆ ಮನೆ ಗುಡಿಸಿ ಸಾರಿಸುವಾಗ ಪ್ರತಿ ಚೌಕಟ್ಟನ್ನೂ ಇಳಿಸಿ, ಹಿಂಬದಿಯಲ್ಲಿ ಗೆದ್ದಲಿನ ಮಣ್ಣುಗೆರೆ ಇದೆಯೇ, ಮೌಂಟಿನ ಅಂಚಿನಲ್ಲಿ ಬೆಳ್ಳಿಬಣ್ಣದ ಹುಳು ಕೆರೆದ ಗುರುತಿದೆಯೇ, ಹಾಳೆಯ ಮೇಲೆ ಹೊಸದಾಗಿ ಕಂದು ಚುಕ್ಕಿಗಳು ಮೂಡಿವೆಯೇ ಎಂದು ನೋಡಿ. ಬೂಸ್ಟು ಕಂಡರೆ ಒದ್ದೆ ಬಟ್ಟೆ ತಾಗಿಸಬೇಡಿ, ಬಿಸಿಲಿಗೂ ಹಾಕಬೇಡಿ. ಚಿತ್ರವನ್ನು ಚೌಕಟ್ಟಿನಿಂದ ಬಿಡಿಸಿ, ನೆರಳಿನಲ್ಲಿ ಗಾಳಿಯಾಡುವೆಡೆ ಬೇರೆ ಚಿತ್ರಗಳಿಂದ ದೂರವಿಟ್ಟು ಒಣಗಲು ಬಿಡಿ. ಹಾಳೆ ಹಳೆಯದಾಗಿದ್ದರೆ ಮುಂದಿನ ಕೆಲಸವನ್ನು ಕಾಗದ ಸಂರಕ್ಷಣೆ ಬಲ್ಲವರಿಗೆ ಒಪ್ಪಿಸಿ; ಬೆಂಗಳೂರಿನಲ್ಲಿ ಇಂಟ್ಯಾಕ್ ಸಂಸ್ಥೆಯ ಕಲಾ ಸಂರಕ್ಷಣಾ ಕೇಂದ್ರವಿದೆ. ಒಯ್ಯುವಾಗ ಚಿತ್ರದ ಜೊತೆ ಹಿಂಬದಿಯ ಚೀಟಿಯನ್ನೂ ಒಯ್ಯಿರಿ, ಹಾಳೆ ಯಾವ ಕಾಲದ್ದು, ಬಣ್ಣ ಯಾವಾಗಿನದು ಎಂಬುದು ಅವರು ಕೇಳುವ ಮೊದಲ ಪ್ರಶ್ನೆಯಾಗಿರುತ್ತದೆ.